ಕೂದಲಿಗೆ ‘ಸೆಲ್ ಥೆರಪಿ’: ಪಿಆರ್‌ಪಿ, ಜಿಎಫ್‌ಸಿ, ಎಕ್ಸೋಸೋಮ್, ಸ್ಟೆಮ್ ಸೆಲ್ – ಯಾವುದು ಯಾರಿಗೆ, ಯಾವುದು ಯಾರಿಗೂ ಬೇಡ

ಕೂದಲು ಉದುರುತ್ತಿದೆ ಎಂದು ಕ್ಲಿನಿಕ್ಕಿಗೆ ಹೋದವರ ಮುಂದೆ ಈಗ ನಾಲ್ಕೈದು ಹೆಸರುಗಳು ಬಂದು ಕೂರುತ್ತವೆ: ಪಿಆರ್‌ಪಿ, ಜಿಎಫ್‌ಸಿ, ಎಕ್ಸೋಸೋಮ್, ಮೈಕ್ರೋಗ್ರಾಫ್ಟ್, ಸ್ಟೆಮ್ ಸೆಲ್. ಪಟ್ಟಿಯಲ್ಲಿ ಮುಂದೆ ಹೋದಂತೆ ಬೆಲೆ ಏರುತ್ತದೆ, ಕೊಡುವ ಭರವಸೆಯೂ ಏರುತ್ತದೆ. ಪುರಾವೆ ಮಾತ್ರ ಹಾಗೆ ಏರುವುದಿಲ್ಲ. ಬಹುಮಟ್ಟಿಗೆ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಇವನ್ನು ಹೆಸರಿನಿಂದ ಹೋಲಿಸಿ ಪ್ರಯೋಜನವಿಲ್ಲ. ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಚುಚ್ಚುವ ಜಾಗದಲ್ಲಿ ಕೂದಲಿನ ಬೇರು ಇನ್ನೂ ಉಳಿದಿದೆಯೇ? ಸಿರಿಂಜಿನೊಳಗೆ ಇರುವುದೇನು, ಎಷ್ಟು, ಅದನ್ನು ಎಣಿಸಿ ನೋಡಿದವರು ಯಾರು?

ಬೇರು ಉಳಿದಿದೆಯೇ

ನಮ್ಮ ನೆತ್ತಿಯಲ್ಲಿ ಸುಮಾರು 1 ಲಕ್ಷ ಕೂದಲು. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರಿ, ಅದೇ ಕುಳಿಯಿಂದ ಮತ್ತೆ ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಕುಳಿಯ ತಳದಲ್ಲಿ ಡರ್ಮಲ್ ಪ್ಯಾಪಿಲಾ ಎಂಬ ಪುಟ್ಟ ಕೋಶಗಳ ಗುಂಪು ಇದೆ. ಯಾವಾಗ ಬೆಳೆಯಬೇಕು, ಎಷ್ಟು ದಪ್ಪ ಬೆಳೆಯಬೇಕು ಎಂಬ ಸೂಚನೆ ಅಲ್ಲಿಂದ ಹೊರಡುತ್ತದೆ. ಅದಕ್ಕಿಂತ ಮೇಲೆ, ರೋಮ ನೆಟ್ಟಗಾಗಿಸುವ ಸಣ್ಣ ಸ್ನಾಯು ಅಂಟಿಕೊಂಡಿರುವ ಉಬ್ಬಿನಲ್ಲಿ, ಮತ್ತೆ ಮತ್ತೆ ಹೊಸ ಕೋಶ ಹುಟ್ಟಿಸುವ ಕೂದಲಿನ ಸ್ಟೆಮ್ ಸೆಲ್‌ಗಳಿವೆ.

ವಂಶಪಾರಂಪರ್ಯವಾಗಿ ಬರುವ ಬೊಕ್ಕತನದಲ್ಲಿ ಡಿಎಚ್‌ಟಿ ಹಾರ್ಮೋನಿನ ಪ್ರಭಾವಕ್ಕೆ ಸಿಕ್ಕಿದ ಕುಳಿ ಪ್ರತಿ ಸುತ್ತಿನಲ್ಲೂ ಕುಗ್ಗುತ್ತದೆ. ದಪ್ಪ ಕೂದಲು ತೆಳುವಾಗಿ, ಕೊನೆಗೆ ಕಣ್ಣಿಗೆ ಕಾಣದ ನಯವಾದ ರೋಮವಾಗುತ್ತದೆ. 2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾರ್ಜ್ ಕೊಟ್ಸಾರೆಲಿಸ್ ಅವರ ತಂಡ ಒಬ್ಬೊಬ್ಬ ಗಂಡಸಿನ ತಲೆಯಿಂದಲೂ ಬೋಳು ಭಾಗದ ಚರ್ಮ ಮತ್ತು ಕೂದಲಿರುವ ಭಾಗದ ಚರ್ಮ ಎರಡನ್ನೂ ತೆಗೆದು ಹೋಲಿಸಿತು. ಸ್ಟೆಮ್ ಸೆಲ್‌ಗಳ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ಬೋಳು ಭಾಗದಲ್ಲಿ ಕಡಿಮೆಯಾಗಿದ್ದದ್ದು, ಸ್ಟೆಮ್ ಸೆಲ್‌ಗಳಿಂದ ಹುಟ್ಟಿ ಕೂದಲು ಕಟ್ಟುವ ಕೆಲಸಕ್ಕೆ ಇಳಿಯುವ ಮುಂದಿನ ಹಂತದ ಕೋಶಗಳು. ‘ನಿಮ್ಮ ತಲೆಯಲ್ಲಿ ಸ್ಟೆಮ್ ಸೆಲ್ ಖಾಲಿಯಾಗಿದೆ, ತುಂಬಿಸುತ್ತೇವೆ’ ಎನ್ನುವ ಮಾತು ಈ ಒಂದು ಅಧ್ಯಯನದ ಮುಂದೆಯೇ ನಿಲ್ಲುವುದಿಲ್ಲ. ಕೊರತೆ ಇರುವುದು ಸ್ಟೆಮ್ ಸೆಲ್‌ಗಳದಲ್ಲ. ಅವನ್ನು ಎಬ್ಬಿಸುವ ಸೂಚನೆಯದು.

ಹೀಗಾಗಿ ಇಂದು ಕ್ಲಿನಿಕ್ಕುಗಳಲ್ಲಿ ಸಿಗುವ ಯಾವ ಚುಚ್ಚುಮದ್ದೂ ಹೊಸ ಕುಳಿ ಹುಟ್ಟಿಸುವುದಿಲ್ಲ. ಕುಗ್ಗಿದ, ಆದರೆ ಜೀವವಿರುವ ಕುಳಿಯಿಂದ ಸ್ವಲ್ಪ ದಪ್ಪ ಕೂದಲು ಬರಿಸುವುದೇ ಇವುಗಳ ಗರಿಷ್ಠ ಸಾಮರ್ಥ್ಯ. ಹತ್ತು ವರ್ಷದಿಂದ ನುಣ್ಣಗೆ ಹೊಳೆಯುತ್ತಿರುವ ನೆತ್ತಿಗೆ ಇವುಗಳಿಂದ ಏನೂ ಆಗದು.

ಇದನ್ನು ತಿಳಿಯಲು ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ) ಪರೀಕ್ಷೆ ಸಾಕು. ಐದು ನಿಮಿಷದ ಕೆಲಸ. ದಪ್ಪ ಮತ್ತು ತೆಳು ಕೂದಲು ಅಕ್ಕಪಕ್ಕ ಬೆರೆತು, ಶೇ. 20ಕ್ಕಿಂತ ಹೆಚ್ಚು ಕೂದಲಿನ ದಪ್ಪದಲ್ಲಿ ವ್ಯತ್ಯಾಸ ಕಂಡರೆ ವಂಶಪಾರಂಪರ್ಯದ ಬಗೆ ಎಂದು ಹೇಳಬಹುದು. ಕುಳಿಗಳ ಬಾಯಿಯೇ ಕಾಣದೆ ಚರ್ಮ ನಯವಾಗಿದ್ದರೆ, ಅಥವಾ ಬುಡದ ಸುತ್ತ ಕೆಂಪು ಮತ್ತು ಹೊಟ್ಟಿನ ಉಂಗುರ ಇದ್ದರೆ, ಗಾಯಕಲೆ ಬೀಳಿಸುವ ಬಗೆ ಇರಬಹುದು. ಆಗ 4 ಮಿ.ಮೀ. ಪಂಚ್ ಬಯಾಪ್ಸಿ (ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಆಗಲೇಬೇಕು. ಆ ಕಾಯಿಲೆಯಲ್ಲಿ ಉರಿಯೂತ ತಗ್ಗಿಸದೆ ಪಿಆರ್‌ಪಿ ಮಾಡಿಸುತ್ತಾ ಕೂತರೆ ಕಳೆದ ಪ್ರತಿ ತಿಂಗಳಲ್ಲೂ ಒಂದಷ್ಟು ಬೇರು ಶಾಶ್ವತವಾಗಿ ಹೋಗುತ್ತವೆ.

ಹುಳ ತಿಂದ ಹಾಗೆ ದುಂಡಗೆ ಕೂದಲು ಹೋಗುವ ಅಲೋಪೇಶಿಯಾ ಏರಿಯಾಟಾ ಪೂರ್ತಿ ಬೇರೆ ರೋಗ. ರೋಗನಿರೋಧಕ ಶಕ್ತಿಯೇ ಬೇರಿನ ಮೇಲೆ ತಿರುಗಿಬೀಳುವುದರಿಂದ ಆಗುವಂಥದ್ದು. ಅದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಇದೆ. ವ್ಯಾಪಕವಾಗಿದ್ದರೆ ಬ್ಯಾರಿಸಿಟಿನಿಬ್, ರಿಟ್ಲೆಸಿಟಿನಿಬ್‌ನಂಥ ಮಾತ್ರೆಗಳಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವಕ್ಕೆ 2022 ಮತ್ತು 2023ರಲ್ಲಿ ಒಪ್ಪಿಗೆ ಕೊಟ್ಟಿದೆ.

ಇನ್ನೊಂದು ಬಗೆ ಹೆಚ್ಚು ಜನರ ಹಣ ಕಳೆಯುತ್ತದೆ. ಡೆಂಗಿ, ಟೈಫಾಯ್ಡ್, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಕಟ್ಟುನಿಟ್ಟಿನ ಡಯಟ್ – ಇವುಗಳಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಇದು ಟೆಲೋಜೆನ್ ಎಫ್ಲೂವಿಯಮ್. ಕಾರಣ ಕಳೆದ ಮೇಲೆ ಸುಮಾರು ಆರು ತಿಂಗಳಲ್ಲಿ ತಾನಾಗಿ ತಹಬಂದಿಗೆ ಬರುತ್ತದೆ. ಈ ಅವಧಿಯಲ್ಲಿ ಯಾವ ಪ್ಯಾಕೇಜ್ ತೆಗೆದುಕೊಂಡರೂ ಅದು ‘ಕೆಲಸ ಮಾಡಿದಂತೆ’ ಕಾಣುತ್ತದೆ. ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಟಿಎಸ್‌ಎಚ್ (ಥೈರಾಯ್ಡ್), ವಿಟಮಿನ್ ಬಿ12, ಡಿ ಪರೀಕ್ಷೆ ಮಾಡಿಸಿ. ತಿಂಗಳ ಮುಟ್ಟು ಹೆಚ್ಚು ಹೋಗುವ ಹೆಂಗಸರಲ್ಲಿ ಫೆರಿಟಿನ್ ನೋಡದೆ ಚುಚ್ಚುಮದ್ದಿನ ಮಾತೇ ಎತ್ತಬಾರದು. ಬೆಂಗಳೂರಿಗೆ ಬಂದ ಮೇಲೆ ಬೋರ್‌ವೆಲ್ ನೀರಿನಿಂದ ಬೊಕ್ಕತನ ಶುರುವಾಯಿತು ಎನ್ನುವವರು ಬಹಳ. ಗಡಸು ನೀರು ಕೂದಲನ್ನು ಒರಟು ಮಾಡಬಹುದು, ಮಧ್ಯದಲ್ಲಿ ತುಂಡಾಗಿಸಬಹುದು. ಬೇರನ್ನು ಕುಗ್ಗಿಸುವುದು ಅದಲ್ಲ.

ಪಿಆರ್‌ಪಿ: ಎಣಿಸಬಹುದಾದ ಒಂದೇ ಆಯ್ಕೆ

ಪ್ಲೇಟ್‌ಲೆಟ್ ಪೂರ್ಣ ಜೀವಕೋಶವಲ್ಲ. ಮೂಳೆಮಜ್ಜೆಯ ದೊಡ್ಡ ಕೋಶವೊಂದರಿಂದ ಕಳಚಿಕೊಂಡ, ಕೋಶಕೇಂದ್ರವಿಲ್ಲದ ತುಣುಕು. ಅದರೊಳಗಿನ ಚೀಲಗಳಲ್ಲಿ ಪಿಡಿಜಿಎಫ್, ವಿಇಜಿಎಫ್, ಐಜಿಎಫ್-1ರಂಥ ಬೆಳವಣಿಗೆ ಪ್ರೋಟೀನುಗಳಿವೆ. ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಸಾಂದ್ರವಾದ ಭಾಗವನ್ನು ನೆತ್ತಿಗೆ ಚುಚ್ಚುವುದು ಪಿಆರ್‌ಪಿ. ಈ ಪಟ್ಟಿಯಲ್ಲಿ ಅತಿ ಹೆಚ್ಚು ಅಧ್ಯಯನ ಆಗಿರುವುದು ಇದರ ಮೇಲೆ. ಫಲಿತಾಂಶ ಮಿಶ್ರ: ತಲೆಯ ಅರ್ಧಕ್ಕೆ ಪಿಆರ್‌ಪಿ, ಅರ್ಧಕ್ಕೆ ಬರೀ ಸಲೈನ್ (ಉಪ್ಪುನೀರು) ಕೊಟ್ಟು ನೋಡಿದ ಕೆಲವು ಪ್ರಯೋಗಗಳಲ್ಲಿ ಕೂದಲಿನ ಸಾಂದ್ರತೆ ಏರಿದೆ, ಕೆಲವದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ಈ ಗೊಂದಲಕ್ಕೆ ಮುಖ್ಯ ಕಾರಣ, ಪಿಆರ್‌ಪಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ದ್ರವಗಳು ಸಿರಿಂಜಿಗೆ ಹೋಗುತ್ತಿರುವುದು.

ಲೆಕ್ಕ ಹಾಕಿ ನೋಡಿ. ರಕ್ತದಲ್ಲಿ ಪ್ಲೇಟ್‌ಲೆಟ್ ಪ್ರತಿ ಮೈಕ್ರೋಲೀಟರ್‌ಗೆ 1.5ರಿಂದ 4.5 ಲಕ್ಷ. ನಿಮ್ಮದು 2.5 ಲಕ್ಷ ಎಂದಿಟ್ಟುಕೊಳ್ಳೋಣ. 20 ಮಿ.ಲೀ. ರಕ್ತ ತೆಗೆದರೆ ಒಟ್ಟು 500 ಕೋಟಿ ಪ್ಲೇಟ್‌ಲೆಟ್. ತಿರುಗಿಸಿ ಬೇರ್ಪಡಿಸುವಾಗ ಶೇ. 70 ಉಳಿದರೆ 350 ಕೋಟಿ. ಅದನ್ನು 4 ಮಿ.ಲೀ.ಗೆ ಇಳಿಸಿದರೆ ಮೈಕ್ರೋಲೀಟರ್‌ಗೆ ಸುಮಾರು 8.75 ಲಕ್ಷ, ಅಂದರೆ ಮೂರೂವರೆ ಪಟ್ಟು. ಭಾರತದ ಚರ್ಮವೈದ್ಯರ ಸಂಘ ಐಎಡಿವಿಎಲ್ ಶಿಫಾರಸು ಮಾಡುವುದು 10ರಿಂದ 15 ಲಕ್ಷ. ಅದರ ಹತ್ತಿರಕ್ಕಾದರೂ ಬಂದಿರಿ. ಅದೇ 10 ಮಿ.ಲೀ. ರಕ್ತವನ್ನಷ್ಟೇ ತೆಗೆದು 4 ಮಿ.ಲೀ. ಮಾಡಿದರೆ ಸಿಗುವುದು 4.4 ಲಕ್ಷ. ಎರಡು ಪಟ್ಟೂ ಇಲ್ಲ. ಒಂದು ಸಣ್ಣ ಟ್ಯೂಬು ರಕ್ತ ತೆಗೆದು ಇಡೀ ತಲೆಗೆ ‘ಪಿಆರ್‌ಪಿ’ ಕೊಡುವ ಕಡೆ ನೀವು ಕಾಸು ಕೊಟ್ಟು ಚುಚ್ಚಿಸಿಕೊಳ್ಳುವುದು ಬಹುತೇಕ ಬರೀ ಪ್ಲಾಸ್ಮಾ.

ಟ್ಯೂಬಿನ ಬಣ್ಣವೂ ಕಥೆ ಹೇಳುತ್ತದೆ. ಬೇಕಾದದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎಸಿಡಿ ಅಥವಾ ಸೋಡಿಯಂ ಸಿಟ್ರೇಟ್ ಇರುವ ಟ್ಯೂಬ್. ಸಿಟ್ರೇಟ್ ಟ್ಯೂಬಿಗೆ ಸಾಮಾನ್ಯವಾಗಿ ತಿಳಿನೀಲಿ ಮುಚ್ಚಳ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ರಕ್ತ ಎಣಿಕೆಗೆ ಸರಿ, ಪಿಆರ್‌ಪಿಗೆ ಅಲ್ಲ. ಅದು ಪ್ಲೇಟ್‌ಲೆಟ್ಟಿನ ಆಕಾರ ಕೆಡಿಸುತ್ತದೆ. ಕೆಂಪು ಮುಚ್ಚಳದ ಸಾದಾ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ಟೆಲ್ಲ ಗಡ್ಡೆಯೊಳಗೆ ಸಿಕ್ಕಿಕೊಳ್ಳುತ್ತದೆ, ಮೇಲೆ ನಿಲ್ಲುವುದು ಸೀರಮ್.

ಸೆಂಟ್ರಿಫ್ಯೂಜ್, ಅಂದರೆ ರಕ್ತ ತಿರುಗಿಸುವ ಯಂತ್ರದ ವಿಚಾರದಲ್ಲಿ ‘ಎಷ್ಟು ಆರ್‌ಪಿಎಂ’ (ನಿಮಿಷಕ್ಕೆ ಎಷ್ಟು ಸುತ್ತು) ಎಂದು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಪ್ಲೇಟ್‌ಲೆಟ್ ಮೇಲೆ ಬೀಳುವ ಬಲ ರೋಟರಿನ ತ್ರಿಜ್ಯವನ್ನೂ ಅವಲಂಬಿಸಿದೆ: ಸೆಂಟಿಮೀಟರ್‌ನಲ್ಲಿ ತ್ರಿಜ್ಯ × ಆರ್‌ಪಿಎಂನ ವರ್ಗ × 0.00001118. 1500 ಆರ್‌ಪಿಎಂನಲ್ಲಿ 10 ಸೆಂ.ಮೀ. ರೋಟರ್ ಸುಮಾರು 250 ಜಿ (ಗುರುತ್ವದ 250 ಪಟ್ಟು) ಬಲ ಕೊಟ್ಟರೆ 16 ಸೆಂ.ಮೀ. ರೋಟರ್ 400 ಜಿ ಕೊಡುತ್ತದೆ. ಮೊದಲ ಸುತ್ತು ಮೆದುವಾಗಿರಬೇಕು, ಸಾಮಾನ್ಯವಾಗಿ 100ರಿಂದ 300 ಜಿ, ಐದರಿಂದ ಹತ್ತು ನಿಮಿಷ; ಕೆಂಪು ಕಣ ಮಾತ್ರ ಕೆಳಗಿಳಿದು ಪ್ಲೇಟ್‌ಲೆಟ್ ಮೇಲಿನ ಹಳದಿ ಭಾಗದಲ್ಲಿ ತೇಲುತ್ತಿರಬೇಕು. ಬಲ ಜಾಸ್ತಿಯಾದರೆ ಪ್ಲೇಟ್‌ಲೆಟ್ಟೂ ಕೆಂಪು ಕಣದ ಜೊತೆ ಕೆಳಗಿಳಿದು ಕಸಕ್ಕೆ ಹೋಗುತ್ತದೆ. ಮೇಲಿನ ಭಾಗವನ್ನು ಬೇರೆ ಟ್ಯೂಬಿಗೆ ತೆಗೆದು ಎರಡನೇ ಸುತ್ತು ಹೆಚ್ಚು ಬಲದಲ್ಲಿ ತಿರುಗಿಸಿದಾಗ ಪ್ಲೇಟ್‌ಲೆಟ್ ತಳ ಸೇರುತ್ತದೆ. ಮೇಲಿನ ಮೂರರಲ್ಲಿ ಎರಡು ಭಾಗ ತೆಗೆದುಹಾಕಿ, ಉಳಿದದ್ದನ್ನು ಮೆಲ್ಲನೆ ಅಲುಗಿಸಿ ತಳದಲ್ಲಿ ಕೂತದ್ದನ್ನು ಕದಡಿಸಬೇಕು. ಈ ಕೊನೆಯ ಹೆಜ್ಜೆ ಬಿಟ್ಟು ಮೇಲಿನ ತಿಳಿಯನ್ನೇ ಸಿರಿಂಜಿಗೆ ಎಳೆದುಕೊಂಡರೆ ಅಷ್ಟೂ ಶ್ರಮ ಟ್ಯೂಬಿನ ತಳದಲ್ಲೇ ಉಳಿಯುತ್ತದೆ. ಸಿದ್ಧವಾದ ದ್ರವ ತೆಳು ಗುಲಾಬಿ ಛಾಯೆಯಲ್ಲಿದ್ದರೆ ಪರವಾಗಿಲ್ಲ. ಕೆಂಪಾಗಿದ್ದರೆ ಕೆಂಪು ಕಣ ಬೆರೆತಿದೆ, ಉರಿ ಮತ್ತು ಊತ ಹೆಚ್ಚಾಗುತ್ತದೆ.

ಇಷ್ಟೆಲ್ಲ ನೀವು ನಿಂತು ನೋಡಲಾಗದು, ಬೇಕಾಗಿಯೂ ಇಲ್ಲ. ಒಂದು ಮಾತು ಕೇಳಿ: ‘ಸಿದ್ಧವಾದ ಪಿಆರ್‌ಪಿಯಿಂದ ಅರ್ಧ ಮಿ.ಲೀ. ಲ್ಯಾಬಿಗೆ ಕಳಿಸಿ ಪ್ಲೇಟ್‌ಲೆಟ್ ಎಣಿಸಿ ತೋರಿಸುತ್ತೀರಾ?’ ರಕ್ತಕಣ ಎಣಿಸುವ ಸಾಮಾನ್ಯ ಸಿಬಿಸಿ ಯಂತ್ರದಲ್ಲಿ, ಅಗತ್ಯವಿದ್ದರೆ ತೆಳು ಮಾಡಿಕೊಂಡು, ಆಗುವ ಕೆಲಸ. ಮೊದಲ ಸಲವಾದರೂ ಎಣಿಸಲು ಒಪ್ಪುವ ಕ್ಲಿನಿಕ್, ದುಬಾರಿ ಕಿಟ್ ಇಟ್ಟುಕೊಂಡು ಎಣಿಸಲು ಒಪ್ಪದ ಕ್ಲಿನಿಕ್ಕಿಗಿಂತ ಮೇಲು.

ಐಎಡಿವಿಎಲ್ ಹೇಳುವ ಪ್ರಮಾಣ: ಒಂದು ಸಲಕ್ಕೆ 5ರಿಂದ 7 ಮಿ.ಲೀ., ಚದರ ಸೆಂಟಿಮೀಟರ್‌ಗೆ 0.05ರಿಂದ 0.1 ಮಿ.ಲೀ., ತಿಂಗಳಿಗೊಮ್ಮೆಯಂತೆ ಕನಿಷ್ಠ ಮೂರರಿಂದ ಐದು ಸಲ. ಅಲ್ಲಿಗೆ ಮುಗಿಯುವುದೂ ಇಲ್ಲ. ಫಲ ಕಂಡರೆ ಉಳಿಸಿಕೊಳ್ಳಲು ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಬೇಕಾಗುತ್ತದೆ. ಆದ್ದರಿಂದ ಬೆಲೆ ಹೋಲಿಸುವಾಗ ಒಂದು ಸಿಟ್ಟಿಂಗಿನ ದರ ನೋಡಬೇಡಿ, ಎರಡು ವರ್ಷದ ಒಟ್ಟು ಖರ್ಚು ಬರೆದು ನೋಡಿ. ಚುಚ್ಚುವ ಬದಲು ಡರ್ಮಾ ರೋಲರ್ (ಸಣ್ಣ ಸೂಜಿಗಳಿರುವ ಉರುಳೆ) ಹೊಡೆದು ಮೇಲೆ ಪಿಆರ್‌ಪಿ ಸವರುವ ಪದ್ಧತಿಯಲ್ಲಿ ನೋವು ಕಡಿಮೆ, ಆದರೆ ದ್ರವದ ದೊಡ್ಡ ಪಾಲು ಹೊರಗೇ ಹರಿದುಹೋಗುತ್ತದೆ.

ಪ್ಲೇಟ್‌ಲೆಟ್ ಕಡಿಮೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ನೆತ್ತಿಯಲ್ಲಿ ಸೋಂಕಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಪಿಆರ್‌ಪಿಗೆ ಹೋಗಬಾರದು. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅನ್ನು ಕೂದಲಿಗಾಗಿ ನೀವೇ ನಿಲ್ಲಿಸಬೇಡಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಮಾತ್ರ ಹಿಂದಿನ ಒಂದು ವಾರ ತಪ್ಪಿಸುವುದು ವಾಡಿಕೆ, ಅವು ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಮುಗಿದ ಮೇಲೆ ಒಂದೆರಡು ದಿನ ತಲೆ ಭಾರ, ಹಣೆ ಸ್ವಲ್ಪ ಊದುವುದು ಸಾಮಾನ್ಯ. ನಾಲ್ಕನೇ ದಿನವೂ ಕೆಂಪು, ಕೀವು, ಜ್ವರ ಇದ್ದರೆ ಅದು ಸಾಮಾನ್ಯವಲ್ಲ.

ನಿಜವಾದ ಅಪಾಯ ರಕ್ತ ಅದಲುಬದಲಾಗುವುದು. ಅಮೆರಿಕದ ನ್ಯೂ ಮೆಕ್ಸಿಕೋದ ಒಂದು ಸ್ಪಾದಲ್ಲಿ ಮುಖಕ್ಕೆ ಪಿಆರ್‌ಪಿ ಮಾಡಿಸಿಕೊಂಡವರಿಗೆ ಎಚ್‌ಐವಿ ತಗಲಿದ್ದು 2018ರಲ್ಲಿ ಬೆಳಕಿಗೆ ಬಂತು. 2024ರಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದರ ವಿವರ ಪ್ರಕಟಿಸಿತು. ತನಿಖೆಗೆ ಹೋದವರಿಗೆ ಸಿಕ್ಕಿದ್ದು ಹೆಸರು ಬರೆಯದ ರಕ್ತದ ಟ್ಯೂಬುಗಳು, ಒಮ್ಮೆ ಮಾತ್ರ ಬಳಸಬೇಕಾದ್ದನ್ನು ಮತ್ತೆ ಬಳಸಿದ ಸುಳಿವು. ನಿಮ್ಮ ಟ್ಯೂಬಿನ ಮೇಲೆ ನಿಮ್ಮ ಹೆಸರು ನಿಮ್ಮ ಕಣ್ಣೆದುರೇ ಬರೆಯಲಿ, ಸಿರಿಂಜು ನಿಮ್ಮೆದುರೇ ಬಿಚ್ಚಲಿ. ಇದನ್ನು ಕೇಳಲು ಸಂಕೋಚ ಬೇಡ.

ಜಿಎಫ್‌ಸಿ

ಗ್ರೋತ್ ಫ್ಯಾಕ್ಟರ್ ಕಾನ್ಸಂಟ್ರೇಟ್. ಇದೂ ನಿಮ್ಮ ರಕ್ತದಿಂದಲೇ. ವ್ಯತ್ಯಾಸ ಇಷ್ಟೇ: ಪ್ಲೇಟ್‌ಲೆಟ್ಟನ್ನು ವಿಶೇಷ ಟ್ಯೂಬಿನಲ್ಲೇ ಒಡೆಸಿ, ಅದರೊಳಗಿನ ಬೆಳವಣಿಗೆ ಪ್ರೋಟೀನುಗಳನ್ನು ದ್ರವಕ್ಕೆ ಬಿಡಿಸಿ, ಕೋಶವಿಲ್ಲದ ಆ ದ್ರವವನ್ನು ಚುಚ್ಚುತ್ತಾರೆ. ಹಾಗಾಗಿ ಇದನ್ನು ಸೆಲ್ ಥೆರಪಿ ಎಂದು ಕರೆಯುವುದೇ ತಪ್ಪು. ಕೆಂಪು ಕಣ, ಬಿಳಿ ಕಣ ಇಲ್ಲದಿರುವುದರಿಂದ ನೋವು, ಊತ ಕಡಿಮೆ. ಕಿಟ್ ಸಿದ್ಧವಾಗಿ ಬರುವುದರಿಂದ ತಯಾರಿಸುವವರ ಕೈಚಳಕದ ಮೇಲಿನ ಅವಲಂಬನೆಯೂ ಕಡಿಮೆ. ತೊಂದರೆ ಏನೆಂದರೆ, ಪ್ಲೇಟ್‌ಲೆಟ್ ಎಣಿಸಿದ ಹಾಗೆ ಇದನ್ನು ಕ್ಲಿನಿಕ್ಕಿನಲ್ಲಿ ಎಣಿಸಲಾಗದು. ಪ್ರೋಟೀನ್ ಎಷ್ಟಿದೆ ಎಂದು ತಿಳಿಯಲು ಎಲೈಸಾ ಪರೀಕ್ಷೆ ಬೇಕು, ಅದನ್ನು ಪ್ರತಿ ರೋಗಿಗೂ ಯಾರೂ ಮಾಡುವುದಿಲ್ಲ. ಸರಿಯಾಗಿ ತಯಾರಿಸಿದ, ಎಣಿಸಿದ ಪಿಆರ್‌ಪಿಗಿಂತ ಇದು ಮೇಲೆಂದು ತೋರಿಸುವ ಗಟ್ಟಿ ಪ್ರಯೋಗಗಳಿಲ್ಲ. ಊತ ತಡೆದುಕೊಳ್ಳಲಾಗದವರಿಗೆ, ಮರುದಿನವೇ ಕೆಲಸಕ್ಕೆ ಹೋಗಬೇಕಾದವರಿಗೆ ಇದು ಒಪ್ಪುವ ಆಯ್ಕೆ; ಪಿಆರ್‌ಪಿಯ ಎರಡು ಪಟ್ಟು ಬೆಲೆ ಕೊಡುವಷ್ಟೇನೂ ಇಲ್ಲ.

ಎಕ್ಸೋಸೋಮ್

ಕೋಶಗಳು ಪರಸ್ಪರ ಸಂದೇಶ ಕಳಿಸಲು ಹೊರಬಿಡುವ, 30ರಿಂದ 150 ನ್ಯಾನೋಮೀಟರ್ ಗಾತ್ರದ ಪುಟ್ಟ ಚೀಲಗಳು ಎಕ್ಸೋಸೋಮ್. ಇದರ ಹಿಂದಿನ ವಿಜ್ಞಾನ ನಿಜಕ್ಕೂ ಕುತೂಹಲಕರ: ಇಲಿಗಳಲ್ಲಿ ಡರ್ಮಲ್ ಪ್ಯಾಪಿಲಾ ಕೋಶದ ಎಕ್ಸೋಸೋಮ್ ಕೊಟ್ಟಾಗ ಕೂದಲು ಬೆಳವಣಿಗೆಯ ಹಂತಕ್ಕೆ ಬೇಗ ಕಾಲಿಟ್ಟಿದೆ. ಆದರೆ ಕ್ಲಿನಿಕ್ಕಿನ ಕಪಾಟಿನಲ್ಲಿರುವ ಬಾಟಲಿ ಬೇರೆಯದೇ ವಸ್ತು. ಅದರ ಮೂಲ ಹೊಕ್ಕುಳಬಳ್ಳಿಯ ಕೋಶ ಇರಬಹುದು, ಕೊಬ್ಬಿನ ಕೋಶ ಇರಬಹುದು, ಗುಲಾಬಿ ಗಿಡವೂ ಇರಬಹುದು. ಸಾಲ್ಮನ್ ಮೀನಿನ ಡಿಎನ್‌ಎ ತುಣುಕುಗಳ ಪಿಡಿಆರ್‌ಎನ್ ಅನ್ನೂ ಕೆಲವರು ಇದೇ ಸಾಲಿಗೆ ಸೇರಿಸಿ ಮಾರುತ್ತಾರೆ. ಅದು ಎಕ್ಸೋಸೋಮ್ ಅಲ್ಲವೇ ಅಲ್ಲ.

ಲೇಬಲಿನ ಮೇಲೆ ಕೋಟಿಗಟ್ಟಲೆ ‘ಕಣ’ ಎಂದು ಬರೆದಿರುತ್ತದೆ. ಆ ಗಾತ್ರದ ಕಣಗಳನ್ನು ಬೆಳಕಿನಿಂದ ಎಣಿಸುವ ಯಂತ್ರಕ್ಕೆ ಎಕ್ಸೋಸೋಮ್ ಯಾವುದು, ಪ್ರೋಟೀನಿನ ಗಂಟು ಯಾವುದು ಎಂಬ ವ್ಯತ್ಯಾಸ ತಾನಾಗಿ ತಿಳಿಯುವುದಿಲ್ಲ. ಎಕ್ಸೋಸೋಮ್ ಮೇಲ್ಮೈಯಲ್ಲಿರುವ ಸಿಡಿ9, ಸಿಡಿ63, ಸಿಡಿ81 ಗುರುತು ಪ್ರೋಟೀನುಗಳ ವರದಿ, ಬ್ಯಾಚ್ ಸಂಖ್ಯೆ, ಸೋಂಕುರಹಿತ ಎಂಬ ಪರೀಕ್ಷಾ ವರದಿ ಈ ಮೂರೂ ಇರಬೇಕು. ಇದ್ದರೂ ಇನ್ನೊಂದು ಸಾಲು ಓದಿ: ಬಹಳಷ್ಟು ಬಾಟಲಿಗಳು ಸೌಂದರ್ಯವರ್ಧಕವೆಂದು, ಚರ್ಮದ ಮೇಲೆ ಹಚ್ಚಲು ಮಾತ್ರ ಎಂದು ನೋಂದಣಿಯಾದವು. ಅದನ್ನೇ ಸಿರಿಂಜಿಗೆ ತುಂಬಿ ಚುಚ್ಚಿದರೆ ಕಂಪನಿಯ ಹೊಣೆ ಅಲ್ಲಿಗೇ ಮುಗಿಯಿತು, ಎಲ್ಲ ಅಪಾಯ ನಿಮ್ಮದು. ಎಫ್‌ಡಿಎ ಇದುವರೆಗೆ ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಒಪ್ಪಿಗೆ ಕೊಟ್ಟಿಲ್ಲ. ನೆಬ್ರಾಸ್ಕಾದಲ್ಲಿ ಇದನ್ನು ಪಡೆದವರಿಗೆ ಗಂಭೀರ ತೊಂದರೆಯಾದ ಮೇಲೆ 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು. ಬೇರೊಬ್ಬರ ಕೋಶದಿಂದ ಬಂದದ್ದು, ಪ್ರಮಾಣ ತಿಳಿಯದ್ದು, ದರ ಪಿಆರ್‌ಪಿಯ ಹಲವು ಪಟ್ಟು. ಚುಚ್ಚಿಸಿಕೊಳ್ಳಲು ಇವತ್ತಿಗೆ ನಾವು ಯಾರಿಗೂ ಹೇಳುವುದಿಲ್ಲ.

ಮೈಕ್ರೋಗ್ರಾಫ್ಟ್ ಮತ್ತು ಕೊಬ್ಬಿನ ‘ಸ್ಟೆಮ್ ಸೆಲ್’

ಮೈಕ್ರೋಗ್ರಾಫ್ಟ್‌ನಲ್ಲಿ ತಲೆಯ ಹಿಂಭಾಗದಿಂದ ಸಾಮಾನ್ಯವಾಗಿ 2.5 ಮಿ.ಮೀ.ನ ಮೂರು ಚರ್ಮದ ತುಣುಕು ತೆಗೆದು, ಜರಡಿಯಂಥ ಬ್ಲೇಡಿರುವ, ಒಮ್ಮೆ ಮಾತ್ರ ಬಳಸುವ ಡಬ್ಬಿಯಲ್ಲಿ ಸಲೈನ್ ಜೊತೆ ಅರೆದು, ಸೋಸಿದ ದ್ರವವನ್ನು ತೆಳುವಾದ ಜಾಗಕ್ಕೆ ಚುಚ್ಚುತ್ತಾರೆ. ಇದರಲ್ಲಿ ನಿಮ್ಮದೇ ಜೀವಂತ ಕೋಶಗಳಿರುವುದು ನಿಜ. ಆದರೆ ಮೂರು ತುಣುಕಿನಿಂದ ಬರುವ ಕೋಶ ಬಹಳ ಕಡಿಮೆ; ಅದರಲ್ಲಿ ಸೂಚನೆ ಕೊಡುವ ಪ್ಯಾಪಿಲಾ ಕೋಶ ಎಷ್ಟು, ಅರೆಯುವಾಗ ಸತ್ತದ್ದೆಷ್ಟು ಎಂಬುದನ್ನು ಕ್ಲಿನಿಕ್ಕಿನಲ್ಲಿ ಯಾರೂ ನೋಡುವುದಿಲ್ಲ. ಪ್ರಕಟವಾದ ಅಧ್ಯಯನಗಳು ಚಿಕ್ಕವು. ತುಣುಕು ತೆಗೆದ ಕಡೆ ಸಣ್ಣ ಕಲೆ ಉಳಿಯುತ್ತದೆ. ಮುಂದೆ ಕೂದಲು ಕಸಿ ಮಾಡಿಸುವ ಯೋಚನೆ ಇದ್ದವರು ಯಾವ ಜಾಗದಿಂದ ತೆಗೆಯುತ್ತಾರೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಲಿ.

ಕೊಬ್ಬಿನ ವಿಧಾನ ಇದಕ್ಕಿಂತ ದೊಡ್ಡದು. ಹೊಟ್ಟೆಯಿಂದ ಕೊಬ್ಬು ಹೀರಿ, ಕೊಲಾಜಿನೇಸ್ ಕಿಣ್ವದಲ್ಲಿ ಕರಗಿಸಿಯೋ ಯಾಂತ್ರಿಕವಾಗಿ ಒಡೆದೋ ಎಸ್‌ವಿಎಫ್ ಎಂಬ ಕೋಶಮಿಶ್ರಣ ಬೇರ್ಪಡಿಸುತ್ತಾರೆ. ಅದರಲ್ಲಿ ಸ್ಟೆಮ್ ಸೆಲ್‌ಗೆ ಹೋಲುವ ಕೋಶಗಳ ಪಾಲು ಸಣ್ಣದು, ಉಳಿದದ್ದು ರಕ್ತಕಣ, ರಕ್ತನಾಳದ ಕೋಶ ಇತ್ಯಾದಿ. ಲೈಪೋಸಕ್ಷನ್ನಿನ ಅಪಾಯ ಬೇರೆ. ಅಮೆರಿಕದಲ್ಲಿ ‘ರೋಗಿಯದೇ ಕೋಶ, ಆದ್ದರಿಂದ ಔಷಧ ಕಾನೂನು ಅನ್ವಯಿಸದು’ ಎಂದು ಕ್ಲಿನಿಕ್ಕುಗಳು ವರ್ಷಗಟ್ಟಲೆ ವಾದಿಸಿದವು. ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ಎಸ್‌ವಿಎಫ್ ಔಷಧವೇ ಎಂದು ತೀರ್ಪಿತ್ತಿತು.

ನಮ್ಮಲ್ಲಿಯ ನಿಲುವು ಇನ್ನೂ ಸ್ಪಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ಒಪ್ಪಿತವಾದ ಕೆಲವು ರಕ್ತ ಸಂಬಂಧಿ ಕಾಯಿಲೆಗಳ ಕಸಿಯನ್ನು ಬಿಟ್ಟರೆ ಸ್ಟೆಮ್ ಸೆಲ್ಲನ್ನು ರೋಗಿಗೆ ಕೊಡುವುದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಕೂದಲು ಆ ಒಪ್ಪಿತ ಪಟ್ಟಿಯಲ್ಲಿಲ್ಲ. ‘ಟ್ರಯಲ್ ನಡೀತಿದೆ’ ಎಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ, ಆ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಟ್ರಯಲ್ ಎಂದು ಹೇಳಿ ಲಕ್ಷ ರೂಪಾಯಿ ಕೇಳಿದರೆ ಎದ್ದು ಬನ್ನಿ.

ನಿಜವಾದ ಸೆಲ್ ಥೆರಪಿ ಎಲ್ಲಿಯವರೆಗೆ ಬಂದಿದೆ

ಪ್ಯಾಪಿಲಾ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಹೆಚ್ಚಿಸಿ, ತಲೆಗೆ ಹಿಂತಿರುಗಿಸುವುದು – ಕನಸು ಇದು, ಮತ್ತು ಪೊಳ್ಳು ಕನಸಲ್ಲ. ಬ್ರಿಟನ್ನಿನ ಜೀವವಿಜ್ಞಾನಿ ಕಾಲಿನ್ ಜಹೋಡಾ 1984ರಲ್ಲಿ ಇಲಿಯ ಪ್ಯಾಪಿಲಾ ಕೋಶಗಳನ್ನು ಬೆಳೆಸಿ ಇಟ್ಟು ರೋಮ ಬರಿಸಿ ತೋರಿಸಿದರು. 1999ರಲ್ಲಿ ಅವರ ತಂಡ ಒಬ್ಬ ಗಂಡಸಿನ ನೆತ್ತಿಯ ಕುಳಿಯ ತಳದ ಅಂಗಾಂಶವನ್ನು ರಕ್ತಸಂಬಂಧವಿಲ್ಲದ ಹೆಂಗಸಿನ ಮುಂಗೈಯಲ್ಲಿ ಇಟ್ಟಾಗ ಅಲ್ಲಿ ಹೊಸ ಕುಳಿಗಳೇ ಹುಟ್ಟಿದವು.

ಮತ್ತೆ ಇಷ್ಟು ವರ್ಷ ಯಾಕೆ? ಚಪ್ಪಟೆ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಪ್ಯಾಪಿಲಾ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿದಂತೆ ತಮ್ಮ ಕಸುಬು ಮರೆಯುತ್ತವೆ. ಕುಳಿ ಹುಟ್ಟಿಸುವ ಸೂಚನೆ ಕೊಡುವುದನ್ನೇ ನಿಲ್ಲಿಸುತ್ತವೆ. 2013ರಲ್ಲಿ ಕೊಲಂಬಿಯಾ ಮತ್ತು ಡರ್ಹಾಮ್ ವಿಶ್ವವಿದ್ಯಾಲಯಗಳ ತಂಡ ಕೋಶಗಳನ್ನು ತಲೆಕೆಳಗಾದ ದ್ರವದ ಹನಿಯಲ್ಲಿ ತೂಗುಬಿಟ್ಟು ಉಂಡೆಯಾಗುವಂತೆ ಮಾಡಿದಾಗ ಆ ಗುಣ ಭಾಗಶಃ ಮರಳಿತು. ಇಲಿಗೆ ಕಸಿ ಮಾಡಿದ ಮನುಷ್ಯ ಚರ್ಮದಲ್ಲಿ, ಏಳು ದಾನಿಗಳ ಕೋಶಗಳ ಪೈಕಿ ಐದರಲ್ಲಿ ಕೂದಲು ಬಂತು. 2020ರಲ್ಲಿ ಅಮೆರಿಕದ ವಿಜ್ಞಾನಿ ಕಾರ್ಲ್ ಕೋಹ್ಲರ್ ಅವರ ತಂಡ ಪ್ಲುರಿಪೊಟೆಂಟ್ (ಯಾವ ಬಗೆಯ ಕೋಶವೂ ಆಗಬಲ್ಲ) ಸ್ಟೆಮ್ ಸೆಲ್‌ನಿಂದ ಕೂದಲುಳ್ಳ ಚರ್ಮವನ್ನೇ ಲ್ಯಾಬಿನಲ್ಲಿ ಬೆಳೆಸಿತು. ಅದಕ್ಕೆ ಹಿಡಿದದ್ದು ನಾಲ್ಕೈದು ತಿಂಗಳು.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಗಮನವಿಟ್ಟು ಓದಬೇಕಾದ್ದು ಜಪಾನಿನದು. ಶಿಸೈಡೋ ಕಂಪನಿ, ಟೋಕಿಯೋ ವೈದ್ಯಕೀಯ ವಿಶ್ವವಿದ್ಯಾಲಯ ಮತ್ತು ತೋಹೋ ವಿಶ್ವವಿದ್ಯಾಲಯ ಸೇರಿ ನಡೆಸಿದ ಇದರ ವರದಿ 2020ರಲ್ಲಿ ಬಂತು. 50 ಗಂಡಸರು, 15 ಹೆಂಗಸರು. ತಲೆಯ ಹಿಂಭಾಗದ ಕುಳಿಯ ತಳದಲ್ಲಿ ಬಟ್ಟಲಿನಂತೆ ಪ್ಯಾಪಿಲಾವನ್ನು ಸುತ್ತಿರುವ ಕೋಶಗಳನ್ನು ಬೆಳೆಸಿ, ಒಬ್ಬೊಬ್ಬರ ತಲೆಯ ನಾಲ್ಕು ಜಾಗಕ್ಕೆ 75 ಲಕ್ಷ, 15 ಲಕ್ಷ, 3 ಲಕ್ಷ ಕೋಶ ಮತ್ತು ಕೋಶವಿಲ್ಲದ ದ್ರವ ಚುಚ್ಚಿದರು. ಆರು ಮತ್ತು ಒಂಬತ್ತನೇ ತಿಂಗಳಲ್ಲಿ ಸಾಂದ್ರತೆ, ಒಟ್ಟು ದಪ್ಪ ಎರಡೂ ಸ್ಪಷ್ಟವಾಗಿ ಏರಿದ್ದು 3 ಲಕ್ಷ ಕೋಶ ಕೊಟ್ಟ ಜಾಗದಲ್ಲಿ. ಅಂದರೆ ಎಲ್ಲಕ್ಕಿಂತ ಕಡಿಮೆ ಪ್ರಮಾಣದಲ್ಲಿ. ಹೆಚ್ಚು ಕೋಶ ಹಾಕಿದಷ್ಟು ಹೆಚ್ಚು ಕೂದಲು ಎಂಬ ಲೆಕ್ಕ ಇಲ್ಲಿ ನಡೆಯಲಿಲ್ಲ. ‘ನಮ್ಮ ಬಾಟಲಿಯಲ್ಲಿ ಕೋಟಿ ಕೋಶ’ ಎಂದು ಹೊಗಳಿಕೊಳ್ಳುವ ಜಾಹೀರಾತು ನೋಡಿದಾಗ ಈ ಫಲಿತಾಂಶ ನೆನಪಿರಲಿ. ಏರಿಕೆಯೂ ಸಾಧಾರಣವೇ, ಬೋಳಾದ ನೆತ್ತಿ ತುಂಬುವಂಥದ್ದಲ್ಲ.

ಚಿಕ್ಕ ವಯಸ್ಸಿನಲ್ಲೇ ಕೂದಲ ಕುಳಿ ತೆಗೆಸಿ ಶೀತಲ ಬ್ಯಾಂಕಿನಲ್ಲಿ ಇಡುವ ಸೇವೆಗಳೂ ಹೊರದೇಶಗಳಲ್ಲಿ ಶುರುವಾಗಿವೆ. ಅವು ಮಾರುತ್ತಿರುವುದು ಮುಂದೆಂದೋ ಬರಬಹುದಾದ ಚಿಕಿತ್ಸೆಯ ನಿರೀಕ್ಷೆ. ಕೈಯಲ್ಲಿ ಹೆಚ್ಚಿನ ಹಣವಿದ್ದು, ಅದು ಹೋದರೂ ಚಿಂತೆಯಿಲ್ಲ ಎನ್ನುವವರ ಮಾತು ಬೇರೆ.

ಇವೆಲ್ಲವನ್ನೂ ಯಾವುದರ ಜೊತೆ ಹೋಲಿಸಬೇಕು

ಪಿಆರ್‌ಪಿಯನ್ನು ಎಕ್ಸೋಸೋಮ್ ಜೊತೆ ಹೋಲಿಸಿ ‘ಇದು ಅಗ್ಗ’ ಎನಿಸುವುದು ಅಂಗಡಿಯವನ ಲೆಕ್ಕ. ರೋಗಿಯ ಲೆಕ್ಕ ಶುರುವಾಗಬೇಕಾದದ್ದು ತಲೆಗೆ ಹಚ್ಚುವ ಶೇ. 5ರ ಮಿನಾಕ್ಸಿಡಿಲ್ ಮತ್ತು ಗಂಡಸರಿಗಾದರೆ 1 ಮಿ.ಗ್ರಾಂ. ಫಿನಾಸ್ಟರೈಡ್ ಮಾತ್ರೆಯಿಂದ. ಗಂಡಸರ ಬೊಕ್ಕತನಕ್ಕೆ ಮಿನಾಕ್ಸಿಡಿಲ್‌ಗೆ 1988ರಲ್ಲೂ ಫಿನಾಸ್ಟರೈಡ್‌ಗೆ 1997ರಲ್ಲೂ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ದಶಕಗಳ ಪುರಾವೆ ಇದೆ, ತಿಂಗಳ ಖರ್ಚು ಒಂದು ಸಿಟ್ಟಿಂಗಿನ ಸಣ್ಣ ಪಾಲು. ಮಿನಾಕ್ಸಿಡಿಲ್ ಹಚ್ಚಿದ ಮೊದಲ ತಿಂಗಳೆರಡರಲ್ಲಿ ಉದುರುವುದು ಹೆಚ್ಚಾಗಬಹುದು, ಹಳೆಯ ಕೂದಲನ್ನು ಹೊಸದು ತಳ್ಳುವುದರಿಂದ. ಇಲ್ಲಿ ಹೆದರಿ ಬಿಟ್ಟವರೇ ಕ್ಲಿನಿಕ್ ಪ್ಯಾಕೇಜುಗಳತ್ತ ಹೋಗುವುದು. ಫಿನಾಸ್ಟರೈಡ್‌ನಿಂದ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಕುಗ್ಗುವುದು ಕಾಣುತ್ತದೆ. ವೈದ್ಯರೊಂದಿಗೆ ಮಾತಾಡಿಯೇ ಶುರು ಮಾಡಿ. ಗರ್ಭಿಣಿಯರು ಪುಡಿಯಾದ ಮಾತ್ರೆ ಮುಟ್ಟಲೂಬಾರದು. ಫಿನಾಸ್ಟರೈಡ್‌ನಂತೆ ಪಿಆರ್‌ಪಿ ಡಿಎಚ್‌ಟಿಯನ್ನು ತಡೆಯುವುದಿಲ್ಲ. ಔಷಧ ಬಿಟ್ಟು ಅದೊಂದನ್ನೇ ಮಾಡಿಸುವವರಲ್ಲಿ ಬಂದ ದಪ್ಪ ನಿಲ್ಲದಿರಲು ಇದೇ ಕಾರಣ.

ಮುಂಬೈಯ ರಚಿತಾ ಧುರತ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವೂ ಗಮನಾರ್ಹ. 100 ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಬರೀ ಮಿನಾಕ್ಸಿಡಿಲ್, ಉಳಿದವರಿಗೆ ಅದರ ಜೊತೆ ವಾರಕ್ಕೊಮ್ಮೆ 1.5 ಮಿ.ಮೀ. ಡರ್ಮಾ ರೋಲರ್. 12 ವಾರದ ನಂತರ ಅಳತೆಯ ಜಾಗದಲ್ಲಿ ಸರಾಸರಿ 22 ಕೂದಲು ಹೆಚ್ಚಿದ್ದು ಮೊದಲ ಗುಂಪಿನಲ್ಲಿ, 91 ಎರಡನೆಯದರಲ್ಲಿ. ರಕ್ತವೂ ಬೇಡ, ಕೋಶವೂ ಬೇಡ. ಪಿಆರ್‌ಪಿಯ ಫಲದಲ್ಲಿ ಸೂಜಿಯ ಪಾಲೆಷ್ಟು, ಪ್ಲೇಟ್‌ಲೆಟ್ಟಿನ ಪಾಲೆಷ್ಟು ಎಂಬ ಪ್ರಶ್ನೆಯನ್ನು ಈ ಪ್ರಯೋಗ ಎತ್ತುತ್ತದೆ.

ಕೂದಲು ಕಸಿ ಹಿಂಭಾಗದ ಕೂದಲನ್ನು ಮುಂದಕ್ಕೆ ಸ್ಥಳಾಂತರಿಸುತ್ತದೆ, ಹೆಚ್ಚಿಸುವುದಿಲ್ಲ. ಆದರೂ ನುಣ್ಣಗಾದ ಜಾಗದಲ್ಲಿ ನಿಜಕ್ಕೂ ಕೂದಲು ತರುವುದು ಇದೊಂದೇ. ಇದನ್ನು ಯಾರು ಮಾಡಬಹುದು ಎಂಬುದರ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಯೂಟ್ಯೂಬ್ ನೋಡಿ ಕಲಿಯುವ ವಿದ್ಯೆ ಇದಲ್ಲ ಎಂದೂ ಅದರಲ್ಲಿ ಹೇಳಿದೆ. ಕಸಿಗೆ ಶೇ. 18 ಜಿಎಸ್‌ಟಿ ಬೀಳುತ್ತದೆ. ದರ ಕೇಳುವಾಗ ತೆರಿಗೆ ಸೇರಿಸಿಯೇ ಕೇಳಿ.

ಯಾರು ಏನನ್ನು ಆರಿಸಬೇಕು

ಉದುರಲು ಶುರುವಾಗಿ ಒಂದೆರಡು ವರ್ಷ, ನೆತ್ತಿ ತೆಳುವಾಗಿದ್ದರೂ ಕೂದಲು ಕಾಣುತ್ತದೆ ಎನ್ನುವವರು ಆರು ತಿಂಗಳು ಔಷಧ ತಪ್ಪದೆ ಬಳಸಿ. ಸಾಲದು ಎನಿಸಿದರೆ ಔಷಧ ಮುಂದುವರಿಸುತ್ತಲೇ ಎಣಿಸಿದ ಪಿಆರ್‌ಪಿ ಸೇರಿಸಿ. ಔಷಧ ಒಗ್ಗದವರು, ಮಗುವಿಗೆ ಹಾಲೂಡಿಸುತ್ತಿರುವವರು, ಫಿನಾಸ್ಟರೈಡ್ ಬೇಡವೆನ್ನುವವರಿಗೂ ಪಿಆರ್‌ಪಿ ಸಮಂಜಸ, ಅದರ ಮಿತಿ ತಿಳಿದುಕೊಂಡು. ಗಂಡಸರ ಬೊಕ್ಕತನವನ್ನು 1ರಿಂದ 7ರವರೆಗೆ ಅಳೆಯುವ ನಾರ್‌ವುಡ್ ಅಳತೆಯಲ್ಲಿ 5 ದಾಟಿದವರು, ನೆತ್ತಿ ಪೂರ್ತಿ ಹೊಳೆಯುವವರು ಚುಚ್ಚುಮದ್ದಿನ ಹಣವನ್ನು ಕಸಿಗೆ ಕೂಡಿಡಲಿ. ಕಾಯಿಲೆ, ಹೆರಿಗೆಯ ನಂತರ ಉದುರುತ್ತಿರುವವರು ರಕ್ತಪರೀಕ್ಷೆ ಮಾಡಿಸಿ ಕಾಯಲಿ.

ಕ್ಲಿನಿಕ್ ಆರಿಸುವಾಗ ವೈದ್ಯರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಿ. ಗೋಡೆಯ ಮೇಲೆ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ರಾಜ್ಯ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಇದೆಯೇ ನೋಡಿ. ‘ಬೊಕ್ಕತನ ಗುಣಪಡಿಸುತ್ತೇವೆ’, ‘ಹೊಸ ಕೂದಲು ಗ್ಯಾರಂಟಿ’ ಎಂದು ಬರೆದ ಔಷಧ ಕಂಡರೆ ತಿಳಿದಿರಲಿ: 1945ರ ಔಷಧ ನಿಯಮಗಳ ಷೆಡ್ಯೂಲ್ ಜೆ, ಗುಣಪಡಿಸುವುದಾಗಿ ಔಷಧವೊಂದು ಹೇಳಿಕೊಳ್ಳಬಾರದ ಸ್ಥಿತಿಗಳ ಪಟ್ಟಿಯಲ್ಲಿ ಬೊಕ್ಕತನವನ್ನೂ ಹೊಸ ಕೂದಲು ಬೆಳೆಸುವುದನ್ನೂ ಹೆಸರಿಸಿಯೇ ಸೇರಿಸಿದೆ. ಎಂಟು ಸಿಟ್ಟಿಂಗಿನ ಹಣ ಮುಂಗಡ ಕಟ್ಟಬೇಡಿ. ಮೂರಕ್ಕೆ ಕಟ್ಟಿ.

ಮೊದಲ ಚುಚ್ಚುಮದ್ದಿನ ಹಿಂದಿನ ದಿನ ಐದು ಫೋಟೋ ತೆಗೆಯಿರಿ: ಮುಂದೆ, ನೆತ್ತಿ, ಸುಳಿ, ಎರಡು ಪಕ್ಕ. ತೊಳೆದು ಒಣಗಿದ ಕೂದಲು, ಎಣ್ಣೆ ಬೇಡ, ಒಂದೇ ಬೈತಲೆ, ಒಂದೇ ಕಿಟಕಿಯ ಬೆಳಕು, ಒಂದೇ ದೂರ. ಕ್ಲಿನಿಕ್ಕಿನ ಫೋಟೋಗಳಲ್ಲಿ ‘ಮೊದಲು’ ಒದ್ದೆ ಕೂದಲು, ಮೇಲಿನ ಬೆಳಕು. ‘ನಂತರ’ ಒಣಗಿದ, ಬಾಚಿದ ಕೂದಲು – ಇಷ್ಟರಿಂದಲೇ ಅರ್ಧ ಫಲಿತಾಂಶ ಹುಟ್ಟಿರುತ್ತದೆ. ಸಾಧ್ಯವಾದರೆ ಒಂದು ಚದರ ಸೆಂಟಿಮೀಟರ್ ಜಾಗ ಗುರುತು ಮಾಡಿ ಡರ್ಮೋಸ್ಕೋಪ್‌ನಲ್ಲಿ ಕೂದಲು ಎಣಿಸಿ ಬರೆದುಕೊಳ್ಳಲಿ. ಮೂರನೇ ತಿಂಗಳಿಗೆ ತೀರ್ಮಾನ ಬೇಡ, ಅದು ತೀರಾ ಬೇಗ. ಆರನೇ ತಿಂಗಳಿಗೆ ಅದೇ ಬೆಳಕಿನಲ್ಲಿ ಮತ್ತೆ ಐದು ಫೋಟೋ. ಫೋಟೋದಲ್ಲೂ ಎಣಿಕೆಯಲ್ಲೂ ಬದಲಾವಣೆ ಕಾಣದಿದ್ದರೆ ನಾಲ್ಕನೆಯ, ಐದನೆಯ ಸಿಟ್ಟಿಂಗಿನಿಂದ ಕಾಣುವುದೂ ಅಪರೂಪ. ಅಲ್ಲಿಗೆ ನಿಲ್ಲಿಸಿ, ಔಷಧ ಮುಂದುವರಿಸಿ.